ಬಾರ್ಲಿ ಗುಡ್ಡದ ಹಸಿರು ಗೆರೆಗಳು

"ನೆಟ್ಟಗೆ ಬಿತ್ತೋಕೂ ಬರಲ್ವೇನ್ರೋ ಹಲ್ಕಾ ಮುಂಡೇವಾ! ನೋಡು, ಕಜ್ಜಿ ನಾಯಿ ಬೆನ್ನಿದ್ದಂಗದೆ ನನ್ನ ಹೊಲ!"

ದಣಿ ಗ್ರೇವ್ಲಿ ಕುದುರೆಯ ಮೇಲಿಂದಲೇ ಚಾವಟಿ ಚಾಚಿದ. ಕಳೆ ಕೀಳುತ್ತಿದ್ದ ಕೆಜಾಯ ಸೊಂಟ ನೆಟ್ಟಗೆ ಮಾಡಿ ನೋಡಿದಳು. ಆರು ವಾರದಿಂದ ಮಳೆಯಿಲ್ಲದೆ ಬಾರ್ಲಿ ಹೊತ್ತಿಗೆ ಮುಂಚೆಯೇ ಹಳದಿಗೆ ತಿರುಗಿತ್ತು. ಅದರ ನಡುವೆ ಉದ್ದಕ್ಕೂ ಅಡ್ಡಕ್ಕೂ ಹಸಿರು ಗೆರೆಗಳು, ಉಳಿದ ಪೈರಿಗಿಂತ ಒಂದು ಗೇಣು ಎತ್ತರ.

"ಬಿತ್ತಿದ್ದು ನಿಮ್ಮ ಯಂತ್ರ ಕಣ್ರೀ ದಣಿ. ಬೈಯೋದಾದ್ರೆ ಅದನ್ನ ಬೈಯಿರಿ."

"ಬಾಯಿ ನೋಡು, ಗಂಡನ್ನ ತಿಂದ್ಕೊಂಡೋಳ್ದು!"

ಕೆಜಾಯಳ ಗಂಡ ಸತ್ತದ್ದು ಫ್ರಾನ್ಸಿನ ಕಂದಕದಲ್ಲಿ. ಊರ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಸೇನೆಗೆ ಹೆಸರು ಬರೆಸಿದವನು ಈ ಗ್ರೇವ್ಲಿಯೇ. ಅವಳು ಮತ್ತೆ ಬಗ್ಗಿ ಕಳೆಗೆ ಕೈ ಹಾಕಿದಳು. ಪಕ್ಕದ ಸಾಲಿನ ಆಳು ಜೋಬ, ಕೇಳದೆಯೇ, ಅವಳ ಪಾಲಿನ ಮುಳ್ಳುಗಿಡಗಳನ್ನೂ ಕಿತ್ತುಕೊಂಡು ಹೋದ.

ಆಳುಗಳ ಮನೆಗಳ ಹಿಂದಿದ್ದ ಆಲೂಗಡ್ಡೆ ಮಡಿಗಳಿಗೆ ದಣಿ ಆ ವರ್ಷ ಬೇಲಿ ಹಾಕಿ, ತಾನು ಗುಂಡು ಹೊಡೆದು ಬೇಟೆಯಾಡಲು ಸಾಕಿದ ಹಕ್ಕಿಗಳನ್ನು ಬಿಟ್ಟುಕೊಂಡಿದ್ದ. ಚಳಿಗಾಲಕ್ಕೆ ಹನ್ನೆರಡು ಮನೆಯವರು ತಿನ್ನುವುದೇನು? ಬಾರ್ಲಿ ಗುಡ್ಡದ ಮೇಲೆ ತಲಾ ಒಂದೊಂದು ತುಂಡು ನೆಲ ಕೊಡಿಸಿ ಎಂದು ಜಿಲ್ಲಾ ಕಚೇರಿಗೆ ಅರ್ಜಿ ಹಾಕಿದ್ದರು. ಸೋಮವಾರ ಅಧಿಕಾರಿ ಬಂದು ಶಾಲೆಯ ಕೋಣೆಯಲ್ಲಿ ಕೂತ.

"ಅದು ತುಂಡು ಮಾಡಿ ಬದುಕೋ ನೆಲ ಅಲ್ಲ ಸ್ವಾಮಿ," ಎಂದ ಗ್ರೇವ್ಲಿ. "ಆದಿಯಿಂದ್ಲೂ ಇಡೀ ಗುಡ್ಡ ಒಂದೇ ಹೊಲ."

ಆಗ ನಕ್ಷೆ ಕಚೇರಿಯ ಎಲಿಸ್ ಎದ್ದು ನಿಂತ. ಯುದ್ಧದಲ್ಲಿ ವಿಮಾನ ಹಾರಿಸಿದವನು, ಈಗ ಮೇಲಿಂದ ಹೊಲಗಳ ಚಿತ್ರ ತೆಗೆಯುತ್ತಿದ್ದ. ಚಿತ್ರವನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಒರೆಸಿ, ಅಧಿಕಾರಿಗಿಂತ ಮೊದಲು ಕೆಜಾಯಳ ಕೈಗೆ ಕೊಟ್ಟ. ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. ಗುಡ್ಡದ ತುಂಬ ಚೌಕಗಳು, ಕಿಟಕಿಯ ಗಾಜುಗಳ ಹಾಗೆ.

"ಹಿಂದೆ ಇಲ್ಲಿ ಹೊಲಕ್ಕೂ ಹೊಲಕ್ಕೂ ನಡುವೆ ಕಾಲುವೆ ತೋಡಿದ್ರು ತಾಯಿ," ಎಂದ ಎಲಿಸ್. "ಆಮೇಲೆ ಮಣ್ಣು ತುಂಬ್ಕೊಂಡಿದೆ. ಆ ಮಣ್ಣಲ್ಲಿ ತೇವ ನಿಲ್ಲುತ್ತೆ, ಪೈರು ಹಸಿರಾಗಿರುತ್ತೆ."

"ಇಷ್ಟಕ್ಕೆ ಮೇಲಕ್ಕೆ ಹಾರಬೇಕಿತ್ತೇನಪ್ಪಾ? ನನ್ನ ಸೊಂಟನ ಕೇಳಿದ್ರೆ ಅದೇ ಹೇಳ್ತಿತ್ತು. ಆ ಗೆರೆ ಮೇಲೆ ಕಳೆ ಕಿತ್ತಷ್ಟೂ ಬರ್ತದೆ."

ಕೋಣೆಯೆಲ್ಲ ನಕ್ಕಿತು. "ಎಷ್ಟು ಹಳೇದು ಸ್ವಾಮಿ ಇದು?" ಎಂದು ಜೋಬ ಕೇಳಿದ.

"ಎರಡು ಸಾವಿರ ವರ್ಷ ಇರಬಹುದು."

"ಆವಾಗ ನಮ್ಮ ದಣಿಯೋರ ತಾತ ಎಲ್ಲಿದ್ರು?"

"ಕ್ಯಾಮೆರಾ ಗಾಜಿನ ಮೇಲಿನ ಕೊಳೆ ಅದು!" ಎಂದು ಗ್ರೇವ್ಲಿ ಮೇಜು ಗುದ್ದಿದ.

ಅಧಿಕಾರಿಗೆ ಯಾರನ್ನೂ ನೋಯಿಸುವ ಮನಸ್ಸಿರಲಿಲ್ಲ. "ಶುಕ್ರವಾರ ಇನ್ನೊಂದು ಸಲ ಚಿತ್ರ ತೆಗೀರಿ," ಎಂದ. "ಚೌಕ ಕಂಡ್ರೆ ಹಿಂದೆ ತುಂಡು ಮಾಡಿ ಬದುಕಿದ್ರು ಅಂತ ಲೆಕ್ಕ, ಇವರಿಗೆ ನೆಲ. ಕಾಣದಿದ್ರೆ ಇಲ್ಲ."

ಬುಧವಾರ ಬೆಳಿಗ್ಗೆ ದಣಿ ಆಳುಗಳನ್ನೆಲ್ಲ ಹೊಲಕ್ಕೆ ಕರೆಸಿದ. "ಹಸಿರು ಎಲ್ಲೆಲ್ಲದೆ ಅಲ್ಲೆಲ್ಲ ಕುಯ್ದು ಹಾಕಿ. ಶುಕ್ರವಾರಕ್ಕೆ ಒಂದು ಹಸಿರು ಕಡ್ಡಿ ಕಂಡ್ರೂ ಚರ್ಮ ಸುಲೀತೀನಿ."

ದಣಿ ಅತ್ತ ಹೋಗುತ್ತಲೇ ಜೋಬನ ಮುಖ ಕೆಂಪಾಯಿತು. "ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಳ್ಳೋದಾ? ಬೋಳೀಮಗ! ನಾನು ಕುಯ್ಯಲ್ಲ."

ಕೆಜಾಯ ಅವನ ತೋಳು ಹಿಡಿದಳು. "ಕುಯ್ಯೋ ತಮ್ಮಾ. ದಣಿ ಹೇಳವ್ರೆ. ಬುಡಮಟ್ಟ ಕುಯ್ಯಿ, ಈ ಗುಡ್ಡದ ಸುಣ್ಣದ ಮಣ್ಣು ಬೆಳ್ಳಗೆ ಕಾಣೋ ಹಂಗೆ. ಗೆರೆಯಿಂದ ಒಂದು ಬೆರಳು ಆಚೀಚೆ ಹೋಗ್ಬಾರದು."

ಜೋಬ ಅವಳ ಮುಖ ನೋಡಿದ, ಗುಡ್ಡ ನೋಡಿದ. ಆಮೇಲೆ ಕುಡುಗೋಲು ಮಸೆಯಲು ಕೂತ. ಮೊದಲು ಮಸೆದದ್ದು ಅವಳದನ್ನೇ.

ಎರಡು ದಿನ ಅವರು ದುಡಿದಷ್ಟು ನಿಯತ್ತಾಗಿ ಯಾರೂ ದುಡಿದಿರಲಿಲ್ಲ. ಗುರುವಾರ ಸಂಜೆ ಹೊಲದ ಅಂಚಿನಲ್ಲಿ ನಿಂತು ನೋಡಿದ ದಣಿಗೆ, ಹಳದಿ ಪೈರಿನ ಮರೆಯಲ್ಲಿ ಕುಯ್ದ ಸಾಲೂ ಕಾಣಲಿಲ್ಲ, ಒಂದು ಹಸಿರು ಕಡ್ಡಿಯೂ ಕಾಣಲಿಲ್ಲ. ಜನ್ಮದಲ್ಲಿ ಮೊದಲ ಸಲ "ಭೇಷ್" ಎಂದ.

ಶುಕ್ರವಾರ ಅವನು ಅಧಿಕಾರಿಯನ್ನು ಕರೆದುಕೊಂಡು ಎದುರಿನ ದಿಬ್ಬ ಹತ್ತಿದ. ಹತ್ತಿ ತಿರುಗಿದವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹಳದಿ ಗುಡ್ಡದ ಮೇಲೆ ಯಾರೋ ಸುಣ್ಣದಲ್ಲಿ ಬರೆದಂತೆ ಬಿಳಿಯ ಚೌಕಗಳು. ಅವುಗಳಲ್ಲಿ ಹನ್ನೆರಡು ಚೌಕಗಳಲ್ಲಿ ಹನ್ನೆರಡು ಮನೆಯವರು ಬಟ್ಟೆ ಹಾಸಿ, ಬ್ರೆಡ್ಡು, ಈರುಳ್ಳಿ, ತಣ್ಣನೆಯ ಚಹಾ ಇಟ್ಟುಕೊಂಡು ಕೂತಿದ್ದರು. ಮೇಲೆ ವಿಮಾನ ಗುಂಯ್‌ಗುಟ್ಟುತ್ತ ಬಂತು.

ಗ್ರೇವ್ಲಿ ಬಿದ್ದೆನೋ ಎದ್ದೆನೋ ಎಂದು ಇಳಿದು ಓಡಿದ. ಅಧಿಕಾರಿ ಅವನ ಹಿಂದೆ ಬಂದ.

"ಏಯ್ ಮುಂಡೆ! ಆ ಚೌಕ ಬಿಟ್ಟು ಆಚೆ ಬಾರೇ!"

ಕೆಜಾಯ ಕೂತಲ್ಲಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಯಾವ ಚೌಕ ದಣಿ? ಇಡೀ ಗುಡ್ಡ ಒಂದೇ ಹೊಲ ಅಂದಿದ್ರಲ್ಲ?"

ಅಧಿಕಾರಿ ಕೆಮ್ಮಿದ. ನಗುವನ್ನು ನುಂಗಿಕೊಂಡು ಜೇಬಿನಿಂದ ಅವರ ಅರ್ಜಿಯನ್ನೂ ಪೆನ್ಸಿಲನ್ನೂ ತೆಗೆದ. ವಿಮಾನ ಒಂದು ರೆಕ್ಕೆ ತಗ್ಗಿಸಿ ಇನ್ನೊಂದು ಸುತ್ತು ಹೊಡೆಯಿತು.

ಕೆಜಾಯ ಏಳಲಿಲ್ಲ. ಕುಡುಗೋಲಿನ ತುದಿಯಿಂದ ನೆಲ ಕೆದಕಿದಳು. ಜೇಬಿನಿಂದ ಮೊಳಕೆ ಬಂದ ಒಂದು ಆಲೂಗಡ್ಡೆ ತೆಗೆದು, ದಣಿಯ ಕಣ್ಣೆದುರೇ ಒಳಗಿಟ್ಟು ಮಣ್ಣು ಮುಚ್ಚಿದಳು. ಆಮೇಲೆ ಚಹಾದ ಬಾಟಲಿಯಲ್ಲಿ ಉಳಿದಿದ್ದನ್ನು ಅದರ ಮೇಲೆ ಸುರಿದಳು.