ಖಾಲಿ ಕೂತ ಹೊತ್ತು

ಕಟ್ಟಡದ ಕೆಲಸದಲ್ಲಿ ಯಾರು ಎಷ್ಟು ಹೊತ್ತು ಸುಮ್ಮನೆ ಕೂತರು ಎಂದು ಬರೆಯುವುದೇ ನನ್ನ ಉದ್ಯೋಗ. ಅದಕ್ಕೂ ಸಂಬಳ ಕೊಡುತ್ತಾರೆ, ನಗಬೇಡಿ. ಹೊಸ ಇಂಜಿನಿಯರ್ ಬಂದ ಮೇಲೆ ನಿಯಮ ಬಿಗಿಯಾಯಿತು: ಖಾಲಿ ಹೋದ ಹೊತ್ತು ಯಾರದಾದರೂ ಹೆಸರಿಗೆ ಬೀಳಲೇಬೇಕು, ಮೂರು ಸಲ ಬಿದ್ದವನು ಮನೆಗೆ. ಸಾಮಾನು ಬರಲಿಲ್ಲ, ಇನ್ನೊಬ್ಬ ತಡಮಾಡಿದ ಎಂಬುದೆಲ್ಲ ಲೆಕ್ಕಕ್ಕಿಲ್ಲ. ಯಾರ ಕೈ ನಿಂತಿತೋ ತಪ್ಪು ಅವನದೇ.

ಗಾರೆ ಮೇಸ್ತ್ರಿ ನನ್ನ ಹೆಂಡತಿಯ ಅಪ್ಪ. ಅವರ ಹೆಸರಿಗೆ ಆಗಲೇ ಎರಡು ಬಿದ್ದಿದ್ದವು. ಎರಡನ್ನೂ ಬರೆದವನು ನಾನೇ. ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಳು.

ಆ ದಿನ ಎಲೆಕ್ಟ್ರಿಷಿಯನ್ ಪತ್ತೆ ಇರಲಿಲ್ಲ. ಅವನು ಇಟ್ಟಿಗೆ ಗೋಡೆ ಕೊರೆದು ವೈರಿನ ಪೈಪು ಕೂರಿಸದೆ ಪ್ಲಾಸ್ಟರ್ ಮಾಡುವಂತಿಲ್ಲ. ಮಾವ ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು, ಗೋಡೆ ನೋಡಿದರು, ಗಾರೆ ಕಲಸಿಯೇಬಿಟ್ಟರು.

"ಮಾವ, ಪೈಪ್ ಹಾಕಿಲ್ವಲ್ಲ!"

"ನೀವು ಬರ್ಕೊಳ್ಳಿ ಅಳಿಯಂದ್ರೇ. ಮೇಸ್ತ್ರಿ ಕೆಲಸ ಮಾಡ್ತಿದಾನೆ ಅಂತ."

ಗೋಡೆ ಕನ್ನಡಿಯ ಹಾಗೆ ನುಣುಪಾಯಿತು. ಮರುದಿನ ಎಲೆಕ್ಟ್ರಿಷಿಯನ್ ಬಂದು, ಬೈದುಕೊಂಡೇ, ಉಳಿ ಸುತ್ತಿಗೆ ಹಿಡಿದು ಕಿತ್ತುಹಾಕಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾವ ಮತ್ತೆ ಮೆತ್ತಿದರು. ಮೆತ್ತಿದ್ದೂ ಕೆಲಸ, ಕಿತ್ತಿದ್ದೂ ಕೆಲಸ, ಮತ್ತೆ ಮೆತ್ತಿದ್ದೂ ಕೆಲಸ. ನನ್ನ ಹಾಳೆಯಲ್ಲಿ ಖಾಲಿ ಹೊತ್ತು ಸೊನ್ನೆ. ಅದನ್ನು ನೋಡಿ ಇಂಜಿನಿಯರ್ ಹಿಗ್ಗಿ ಹೀರೇಕಾಯಿಯಾದ. ಎಲ್ಲರೆದುರು ಮಾವನ ಬೆನ್ನು ತಟ್ಟಿ, "ಇವ್ರನ್ನ ನೋಡಿ ಕಲೀರಿ" ಎಂದ.

ಕಲಿತೇಬಿಟ್ಟರು, ಅಯ್ಯೋ ಕರ್ಮವೇ! ಟೈಲ್ಸ್ ಹಾಕುವವನು ಪ್ಲಂಬರ್‌ಗೆ ಕಾಯದೆ ಹಾಕಿದ, ಪ್ಲಂಬರ್ ಬಂದು ಒಡೆದ. ಎಲ್ಲರೂ ಬೆವರು ಸುರಿಸಿ ದುಡಿದರು, ಕಟ್ಟಡ ಮಾತ್ರ ಇದ್ದಲ್ಲೇ ಇತ್ತು. ನನಗೇನು, ಹೆಂಡತಿ ಮತ್ತೆ ಮಾತಾಡುತ್ತಿದ್ದಳು.

ಮುಂದಿನ ವಾರ ಮೇಲಿನ ಮಹಡಿಗೆ ಹೋದರೆ, ಇನ್ನೂ ಕೊರೆಯದ ಗೋಡೆಯೆದುರು ಮಾವ ಬಕೆಟ್ ಬೋರಲು ಹಾಕಿ ಕೈಕಟ್ಟಿ ಕೂತಿದ್ದಾರೆ. ಗಾರೆ ಮೆತ್ತುವ ಕರಣೆ ತೊಳೆದು ಪಕ್ಕದಲ್ಲಿಟ್ಟಿದ್ದಾರೆ.

"ಏಳಿ ಮಾವ, ಇಂಜಿನಿಯರ್ ಬರ್ತಿದಾನೆ. ಸುಮ್ನೆ ಒಂದಿಷ್ಟು ಮೆತ್ತಿ."

"ಕಿತ್ತುಹಾಕ್ಲಿ ಅಂತ್ಲೇ ಮೆತ್ತೋದು ನನ್ನಿಂದಾಗಲ್ಲ ಅಳಿಯಂದ್ರೇ."

"ಇದು ಮೂರನೇದು. ಕೆಲಸ ಹೋಗುತ್ತೆ."

"ಗೊತ್ತು. ಬರೀರಿ."

ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ಮೆಟ್ಟಿಲ ಮೇಲೆ ಇಂಜಿನಿಯರ್‌ನ ಬೂಟಿನ ಸದ್ದು ಕೇಳಿಸಿತು. ಬರೆಯದಿದ್ದರೆ ನನ್ನ ಕೆಲಸಕ್ಕೇ ಕುತ್ತು. ಬರೆದೆ.

ಮಾವ ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

"ಮಗಳಿಗೆ ನಾನೇ ಹೇಳ್ತೀನಿ ಬಿಡಿ," ಎಂದರು. "ಸಾಕಾಯ್ತು, ನಾನೇ ಬಿಟ್ಟೆ ಅಂತ. ನೀವು ಬರೆದ್ರಿ ಅಂತ ಹೇಳಲ್ಲ."