ತಂಗಿ ಬರೆದುಕೊಟ್ಟ ಒಂದು ಸಾಲು

ತಂಗಿ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಮುದ್ರಣಾಲಯದ ಮೇಲ್ವಿಚಾರಕರು ಫೋನಿನಲ್ಲಿ ಕಾಗದದ ವ್ಯಾಪಾರಿಯ ಮೇಲೆ ಕೂಗಾಡುತ್ತಿದ್ದರು. ಕಣ್ಣು ಕಾಣದವರು ಓದುವ ಬ್ರೈಲ್ ಪುಸ್ತಕಕ್ಕೆ ದಪ್ಪ ಕಾಗದ ಬೇಕು. ತೇವ ತಗುಲಿದ ಕಾಗದದ ಮೇಲೆ ಒತ್ತಿದ ಚುಕ್ಕಿ ನಿಲ್ಲುವುದಿಲ್ಲ; ಓದುವವರ ಬೆರಳು ಎರಡು ಸಲ ಹಾದರೆ ಮಲಗಿಬಿಡುತ್ತದೆ. ವ್ಯಾಪಾರಿ ಕಳಿಸಿದ ಕಟ್ಟುಗಳಲ್ಲಿ ಅರ್ಧಕ್ಕರ್ಧ ಒದ್ದೆ.

"ಇದನ್ನ ಒಲೆಗೆ ಹಾಕೋಣ ಅಂದ್ರೆ ಬೆಂಕೀನೂ ಹತ್ತಲ್ಲ ಸ್ವಾಮಿ, ವಾಪಸ್ ತಗೊಂಡ್ಹೋಗಿ!" ಎಂದು ಅವರು ಫೋನನ್ನು ಕುಕ್ಕಿದ ಕೂಡಲೇ ಅದು ಮತ್ತೆ ಬಡಿದುಕೊಂಡಿತು. ವ್ಯಾಪಾರಿಯೇ ಇರಬೇಕೆಂದು ಗದರುವ ದನಿಯಲ್ಲೇ "ಏನ್ರೀ?" ಎಂದರು.

"ಮಾವ," ಎಂದಳು ತಂಗಿಯ ಮಗಳು. "ಅಮ್ಮ ಹೋಗ್ಬಿಟ್ಲು. ಬೆಳಿಗ್ಗೆ ಎಬ್ಬಿಸೋಕೆ ಹೋದೆ, ಏಳಲೇ ಇಲ್ಲ."

ಮೇಲ್ವಿಚಾರಕರು ಕುಳಿತಲ್ಲೇ ಕುಸಿದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ತಂಗಿ. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಮೊದಲು ಬರಬೇಕಾದದ್ದು ದುಃಖ. ಅವರಿಗೆ ಮೊದಲು ಬಂದ ಯೋಚನೆ ಬೇರೆ: ಇನ್ನು ಆ ಮಾತನ್ನು ಎತ್ತುವವರು ಯಾರೂ ಉಳಿಯಲಿಲ್ಲ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಸರಿಸಿದ ಹಾಗೆ ಒಂದು ಕ್ಷಣ ಹಗುರವಾಯಿತು. ಮರುಕ್ಷಣವೇ, ತಾವು ಹಗುರವಾದದ್ದು ಯಾತಕ್ಕೆಂದು ಹೊಳೆದು, ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ದೇವರಿಗೆ ಕಾಣದ ಕೋಣೆ ಇಲ್ಲವೆಂದು ನಂಬಿ ಬಾಳಿದವರು ಅವರು.

ಆ ಮಾತು ಏನೆಂದು ಹೇಳಬೇಕಾದರೆ ಹನ್ನೊಂದು ತಿಂಗಳು ಹಿಂದಕ್ಕೆ ಹೋಗಬೇಕು.

ಕಣ್ಣು ಕಾಣದ ಮಕ್ಕಳ ಶಾಲೆಗಳಿಗೆ ಪುಸ್ತಕ ಒದಗಿಸುವ ಆ ಮುದ್ರಣಾಲಯದಲ್ಲಿ ಅಣ್ಣ ಮೇಲ್ವಿಚಾರಕ. ತಂಗಿ ಆರು ಕೀಲಿಯ ಯಂತ್ರದ ಮುಂದೆ ಕೂತು ಪುಸ್ತಕಗಳನ್ನು ಚುಕ್ಕಿಗೆ ಇಳಿಸುವವಳು. ಒಂದು ಗಣಿತ ಪುಸ್ತಕ ಇಳಿಸಲು ಅವಳಿಗೆ ಏಳು ತಿಂಗಳು ಹಿಡಿಯುತ್ತಿತ್ತು. ಪುಸ್ತಕ ಕೈಗೆ ಬರುವ ಹೊತ್ತಿಗೆ ಮಕ್ಕಳು ಮುಂದಿನ ತರಗತಿಗೆ ಹೋಗಿರುತ್ತಿದ್ದರು. ಇದು ಅವಳಿಗೆ ಸಹಿಸಲಾಗದೆ, ಐವತ್ತಾರು ದಾಟಿದ ಮೇಲೆ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ತಾನೇ ಕಲಿಯಲು ಹೊರಟಳು.

"ಹೆಬ್ಬಾವಿನ ಹೆಸರಿಟ್ಟಿದಾರೆ, ನುಂಗೀತು ಜೋಕೆ," ಎಂದು ಅಣ್ಣ ಹಂಗಿಸಿದರು.

"ನಿನ್ನ ಕೈಕೆಳಗೆ ಮೂವತ್ತು ವರ್ಷ ಕೆಲಸ ಮಾಡಿದೋಳಿಗೆ ಹೆಬ್ಬಾವೇನು ಮಹಾ ಬಿಡಣ್ಣ," ಎಂದಳು ತಂಗಿ.

ಎರಡು ವರ್ಷ ಒದ್ದಾಡಿ ಅವಳು ಬರೆದ ಪ್ರೋಗ್ರಾಂ, ಏಳು ತಿಂಗಳ ಕೆಲಸವನ್ನು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಸುತ್ತಿತ್ತು. ಹುಟ್ಟಿನಿಂದ ಕಣ್ಣು ಕಾಣದ ಕರಡು ತಿದ್ದುವವನಿಗೆ ಅಲ್ಲಿ ಎಲ್ಲರೂ ಬೆರಳಣ್ಣ ಎನ್ನುತ್ತಿದ್ದರು. ಅವನು ಮುನ್ನೂರು ಪುಟ ತಡವಿ ನೋಡಿ, "ನನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ರಲ್ಲ ಅಕ್ಕ, ತಿದ್ದೋಕೆ ಒಂದು ತಪ್ಪೂ ಬಿಟ್ಟಿಲ್ಲ," ಎಂದಿದ್ದ.

ಆಡಳಿತ ಮಂಡಳಿಯವರು ನೋಡಿ ಒಪ್ಪಿದರೆ ಅದನ್ನು ಬಳಕೆಗೆ ತರುವುದೆಂದು ದಿನ ಗೊತ್ತಾಯಿತು. ಆ ದಿನವೇ ಅವಳಿಗೆ ಮೈ ಕೆಂಡದಂಥ ಜ್ವರ. ಮಗಳ ಕೈಯಲ್ಲಿ ಅಣ್ಣನಿಗೆ ಒಂದು ಚೀಟಿ ಕಳಿಸಿದಳು. 'ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆ. ಕೆಳಗಿರುವುದನ್ನು ಒಂದೇ ಸಾಲಾಗಿ ಟೈಪ್ ಮಾಡಿ ಎಂಟರ್ ಒತ್ತು. ಬೇರೇನೂ ಮಾಡಬೇಡ.' ಕೆಳಗಿದ್ದದ್ದು ಮೂರೇ ಪದ: ಪೈಥಾನ್, ಪ್ರೋಗ್ರಾಮಿನ ಹೆಸರು, ಪುಸ್ತಕದ ಹೆಸರು.

"ನಾನು ಟೈಪ್ ಮಾಡ್ಲಾ ಸಾರ್? ನನಗೆ ಅಭ್ಯಾಸ ಇದೆ," ಎಂದ ಬೆರಳಣ್ಣ.

"ಮೂರು ಪದ ಹೊಡಿಯೋಕೆ ಒಬ್ಬ ಆಳು ಬೇಕೇನಯ್ಯಾ? ನೀನು ನಿನ್ನ ಕೆಲಸ ನೋಡ್ಕೋ ಹೋಗು," ಎಂದರು ಮೇಲ್ವಿಚಾರಕರು. ಮಂಡಳಿಯ ಮುಂದೆ ತಾವೂ ತಿಳಿದವರೆಂದು ಕಾಣಬೇಕೆಂಬ ಆಸೆ ಅವರಿಗೆ. ಶಾಲೆಯ ಮಕ್ಕಳು ನೋಡಲು ಬಂದಾಗ ತಂಗಿ ಹೇಗೆ ಮಾಡುತ್ತಾಳೆಂದು ಬಾಗಿಲಲ್ಲಿ ನಿಂತು ಕಂಡಿದ್ದರು. ಬರೀ ಪೈಥಾನ್ ಎಂದು ಹೊಡೆದು ಎಂಟರ್ ಒತ್ತುವಳು. ಮೂರು ಬಾಣದಂಥ ಗುರುತು ಮೂಡುವುದು. ಮಕ್ಕಳು ಹೇಳಿದ ಲೆಕ್ಕವನ್ನು ಅದರ ಮುಂದೆ ಹೊಡೆದರೆ ಉತ್ತರ ಬರುವುದು. ಮೊದಲು ಅದನ್ನು ಎಬ್ಬಿಸಬೇಕು, ಆಮೇಲೆ ಕೆಲಸ ಹೇಳಬೇಕು, ಇದನ್ನು ಬರೆಯಲು ಮರೆತಿದ್ದಾಳೆ, ಎಂದುಕೊಂಡರು. ಎಬ್ಬಿಸಿದರು. ಬಾಣಗಳು ಮೂಡಿದವು. ಅವುಗಳ ಮುಂದೆ ಚೀಟಿಯ ಸಾಲನ್ನು ಪೂರ್ತಿ ಹೊಡೆದರು. ತಪ್ಪು ಎಂಬ ಸಂದೇಶ ಬಂತು. ಮತ್ತೆ ಹೊಡೆದರು, ಈ ಸಲ ಕೀಲಿಗಳನ್ನು ಜೋರಾಗಿ ಕುಟ್ಟಿ. ಅದೇ ಸಂದೇಶ. ಐದು ಜನ ಹಿಂದೆ ನಿಂತಿದ್ದಾರೆ, ಒಬ್ಬರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. 'ಬೇರೇನೂ ಮಾಡಬೇಡ' ಎಂಬ ಮಾತು ಕಣ್ಣಿಗೆ ಬಿತ್ತು. ಬಿದ್ದದ್ದು ಸುಳ್ಳಲ್ಲ. ಆದರೆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಪರದೆಯನ್ನು ಆರಿಸಿ, ನಗುತ್ತಾ ತಿರುಗಿದರು.

"ನನ್ನ ತಂಗಿ ಕೆಲಸ ಹೀಗೇ ನೋಡಿ. ಅವಳ ಕೈಲಿ ಓಡುತ್ತೆ, ನಾಲ್ಕು ಜನರ ಮುಂದೆ ಕೈ ಕೊಡುತ್ತೆ. ವಯಸ್ಸಾಯ್ತಲ್ಲ ಅವಳಿಗೂ."

ಎಲ್ಲರೂ ನಕ್ಕರು. ನಡಾವಳಿ ಪುಸ್ತಕದಲ್ಲಿ 'ಪ್ರೋಗ್ರಾಂ ದೋಷಯುಕ್ತ, ಹಳೆಯ ಕ್ರಮವೇ ಮುಂದುವರಿಯತಕ್ಕದ್ದು' ಎಂದು ಬರೆದಾಯಿತು.

ಮೂರು ದಿನ ಬಿಟ್ಟು ಬಂದ ತಂಗಿ ಅಣ್ಣನ ಮೇಜಿನ ಬಳಿ ಹೋಗಿ ನಿಂತಳು. ಜ್ವರದಿಂದ ಕೆನ್ನೆ ಒಳಕ್ಕೆ ಹೋಗಿತ್ತು.

"ಅಣ್ಣ, ಅವತ್ತು ಏನು ಟೈಪ್ ಮಾಡಿದೆ?"

"ನೀನು ಬರೆದಿದ್ದನ್ನೇ ಮಾಡಿದೆ."

"ಅಷ್ಟೇನಾ? ಅದಕ್ಕೆ ಮುಂಚೆ ಏನೂ ಮಾಡ್ಲಿಲ್ವಾ?"

"ಏನೂ ಇಲ್ಲ ಅಂದ್ನಲ್ಲ! ನನ್ನನ್ನೇನು ಕಟಕಟೆಗೆ ಹತ್ತಿಸ್ತೀಯಾ?"

ಅವಳು ಅಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆಯ್ತು ಬಿಡು," ಎಂದು ಹೋದಳು. ತಿಂಗಳು ತುಂಬುವುದರೊಳಗೆ ಕೆಲಸ ಬಿಟ್ಟಳು. ಆಮೇಲೆ ಇಬ್ಬರ ನಡುವೆ ಉಳಿದದ್ದು "ಆರೋಗ್ಯವಾ?", "ಹೂಂ, ನೀನು?" ಎಂಬಷ್ಟೇ ಮಾತು.

ಈಗ ಅವಳೇ ಇಲ್ಲ. ಎರಡು ವಾರದ ಮೇಲೆ ಮಂಡಳಿಯವರು ಅವಳ ನೆನಪಿಗೆ ಒಂದು ಸಭೆ ಇಟ್ಟುಕೊಂಡರು. ಅಣ್ಣನೇ ಮಾತನಾಡಬೇಕೆಂದರು. ಏನು ಮಾತನಾಡುವುದು? ಸಭೆಯ ಹಿಂದಿನ ದಿನ ಮಧ್ಯಾಹ್ನ ಮೇಲ್ವಿಚಾರಕರು ಮುದ್ರಣಾಲಯದಲ್ಲಿ ಅವಳು ಕೂರುತ್ತಿದ್ದ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಪ್ರೋಗ್ರಾಂ ನಿಜವಾಗಿ ಕೆಟ್ಟಿದ್ದರೆ ತಾವು ಆಡಿದ್ದು ಸುಳ್ಳಾಗುವುದಿಲ್ಲ. ಇಷ್ಟು ದಿನ ಬಚ್ಚಿಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದು, ಕೈ ಮುಗಿದು, "ದೇವರೇ, ಅದು ಕೆಟ್ಟಿರಲಿ," ಎಂದು ಬೇಡಿಕೊಂಡರು. ಸತ್ತ ತಂಗಿಯ ಕೆಲಸ ಕೆಟ್ಟಿರಲಿ ಎಂದು ಬೇಡುವ ಮಟ್ಟಕ್ಕೆ ಇಳಿದಿದ್ದೇನೆಂದು ಬೇಡಿದ ಮೇಲೆ ತಿಳಿಯಿತು.

"ಯಾರದು? ನೀವಾ ಸಾರ್?" ಮೂಲೆಯಿಂದ ದನಿ ಬಂತು. ಬೆರಳಣ್ಣ ಹಳೆಯ ಪುಸ್ತಕಗಳ ಕಪಾಟಿನ ಹಿಂದೆ ಕೂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು.

ಮೇಲ್ವಿಚಾರಕರು ಬಾಗಿಲ ಕಡೆ ತಿರುಗಿದರು.

"ಕೂತ್ಕೊಳ್ಳಿ," ಎಂದ ಬೆರಳಣ್ಣ ಮೆಲ್ಲಗೆ. "ಅವತ್ತು ಹೆಂಗೆ ಹೊಡೆದ್ರೋ ಹಂಗೇ ಹೊಡೀರಿ. ನಾನು ಕೇಳಿಸ್ಕೋತೀನಿ." ಕೀಲಿ ಒತ್ತಿದ ಅಕ್ಷರವನ್ನೂ ಪರದೆಯ ಬರಹವನ್ನೂ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಆ ಕಂಪ್ಯೂಟರಿನಲ್ಲಿತ್ತು. ಅದನ್ನು ಚಾಲೂ ಮಾಡಿದ.

ಮೇಲ್ವಿಚಾರಕರು ಬರೀ ಪೈಥಾನ್ ಎಂದು ಹೊಡೆದು ಎಂಟರ್ ಒತ್ತಿದರು. ಆಮೇಲೆ ಚೀಟಿಯ ಸಾಲು. ಯಂತ್ರದ ದನಿ ತಪ್ಪನ್ನು ಓದಿ ಹೇಳಿತು.

"ನೀವೀಗ ಪೈಥಾನ್ ಒಳಗೆ ಹೋಗಿ ಕೂತ್ಬಿಟ್ಟಿದೀರಿ ಸಾರ್. ಅಡುಗೆಯವನ ಎದುರಿಗೆ ಹೋಗಿ ನಿಂತು, ಅವನಿಗೇ 'ಅಡುಗೆಯವನನ್ನ ಕರಿ, ಈ ಚೀಟಿ ಕೊಡು' ಅಂದ್ರೆ ಅವನೇನು ಮಾಡ್ತಾನೆ? ಕಣ್ಣು ಕಣ್ಣು ಬಿಡ್ತಾನೆ. ಆ ಮಾತು ಬಾಗಿಲಾಚೆ ಹೇಳೋದು. ಹೊರಗೆ ಬನ್ನಿ." ಅವನೇ ಕೀಲಿಗಳ ಮೇಲೆ ಬೆರಳಾಡಿಸಿ ಪೈಥಾನಿನಿಂದ ಹೊರಗೆ ಬಂದ. "ಈಗ ಬರೀ ಆ ಸಾಲು. ಒಂದೇ ಸಲ ಎಂಟರ್."

ಹೊಡೆದರು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಪಕ್ಕದ ಮೇಜಿನ ಯಂತ್ರ ಕಟಕಟನೆ ಚುಕ್ಕಿ ಒತ್ತತೊಡಗಿತು. ಹಾಳೆಯ ಮೇಲೆ ಹಾಳೆ ಬಂದು ಬಿತ್ತು. ಬೆರಳಣ್ಣ ಒಂದನ್ನೆತ್ತಿ ತಡವಿದ. "ಭಿನ್ನರಾಶಿ. ಮೊದಲನೇ ಪಾಠ. ಅಚ್ಚುಕಟ್ಟು."

ಆ ಪುಸ್ತಕವನ್ನೇ ಈ ವರ್ಷ ಕೈಯಲ್ಲಿ ಇಳಿಸಿ, ಪರೀಕ್ಷೆ ಮುಗಿದ ಮೇಲೆ ಶಾಲೆಗೆ ಕಳಿಸಿದ್ದರು.

"ನಾನು ಕಣ್ಣಿದ್ದೂ ಕುರುಡನಾದೆ," ಎಂದರು ಮೇಲ್ವಿಚಾರಕರು.

"ಹಂಗನ್ನಬೇಡಿ, ನಮಗೆ ಅವಮಾನ. ಕುರುಡರು ಎದುರಿಗೆ ಇದ್ದಿದ್ದನ್ನ ಪೂರ್ತಿ ಓದ್ತಾರೆ," ಎಂದ ಬೆರಳಣ್ಣ. ಅವನ ಮುಖದಲ್ಲಿ ನಗುವಿರಲಿಲ್ಲ. "ಅಕ್ಕನಿಗೆ ಇದೆಲ್ಲ ಗೊತ್ತಿತ್ತು ಸಾರ್."

"ಏನು?"

"ನೀವು ಅವತ್ತು ಪರದೆ ಮಾತ್ರ ಆರಿಸಿದ್ರಿ. ಕಂಪ್ಯೂಟರ್ ಮೂರು ದಿನಾನೂ ಓಡ್ತಾನೇ ಇತ್ತು. ಅವರು ಬಂದ ಬೆಳಿಗ್ಗೆ ಪರದೆ ಹಾಕಿದ್ರೆ, ನೀವು ಹೊಡೆದಿದ್ದೆಲ್ಲ ಹಂಗೇ ಇದೆ. ನನಗೂ ಓದಿ ಹೇಳಿದ್ರು. ಆಮೇಲೇ ನಿಮ್ಮತ್ರ ಕೇಳೋಕೆ ಬಂದಿದ್ದು. ಮಂಡಳಿಗೆ ಹೇಳಿ ಅಕ್ಕ ಅಂತ ನಾನು ಬಡ್ಕೊಂಡೆ. 'ಅಣ್ಣ ತಾನಾಗೇ ಹೇಳಿದ್ರೆ ಸರಿ, ನಾನು ಅವನ ತಲೆ ತಗ್ಗಿಸೋದಿಲ್ಲ. ನೀನೂ ಬಾಯಿ ಬಿಡಬೇಡ' ಅಂದ್ರು. ಆಣೆ ಹಾಕಿಸ್ಕೊಂಡ್ರು."

ಕಾಗದ ಮುಗಿದು ಯಂತ್ರ ನಿಂತಿತು. ಮೇಲ್ವಿಚಾರಕರಿಗೆ ಜ್ವರದಿಂದ ಸೊರಗಿದ ಆ ಮುಖ ನೆನಪಾಯಿತು. ಅವಳು ಪ್ರಶ್ನೆ ಕೇಳಿದ್ದು ಉತ್ತರ ತಿಳಿಯಲಿಕ್ಕಲ್ಲ. ಅಣ್ಣನಿಗೆ ಒಂದು ಬಾಗಿಲು ತೆರೆದಿಡಲಿಕ್ಕೆ. ಅವರು ಅದನ್ನು ಅವಳ ಮುಖದ ಮೇಲೇ ಮುಚ್ಚಿದ್ದರು. ಮೇಜಿಗೆ ಹಣೆ ಹಚ್ಚಿ ಬಿಕ್ಕಿದರು. ಬೆರಳಣ್ಣ ಬಿದ್ದ ಹಾಳೆಗಳನ್ನು ತಡವಿ ಜೋಡಿಸತೊಡಗಿದ. ಹೊರಗೆ ಹೋಗಲಿಲ್ಲ.

ಮರುದಿನ ಸಭೆಯಲ್ಲಿ ಅಧ್ಯಕ್ಷರು ಮೊದಲು ಮಾತನಾಡಿದರು. ಆಕೆಯ ಪ್ರಯತ್ನ ಫಲಿಸದಿದ್ದರೂ ಉತ್ಸಾಹ ಮೆಚ್ಚತಕ್ಕದ್ದು ಎಂದರು. ಮುಂದಿನ ಸಾಲಿನಲ್ಲಿದ್ದ ತಂಗಿಯ ಮಗಳು ನೆಲ ನೋಡುತ್ತಿದ್ದಳು. ಮೇಲ್ವಿಚಾರಕರು ಎದ್ದು ನಿಂತರು. ಬರೆದು ತಂದಿದ್ದ ಹಾಳೆಯನ್ನು ಬಿಡಿಸಲೇ ಇಲ್ಲ.

"ಫಲಿಸಿತ್ತು," ಎಂದರು. "ಕೆಟ್ಟಿದ್ದು ಪ್ರೋಗ್ರಾಂ ಅಲ್ಲ, ನಾನು. ಅವಳು ಬರೆದುಕೊಟ್ಟ ಹಾಗೆ ಮಾಡ್ಲಿಲ್ಲ. ದೊಡ್ಡಸ್ತಿಕೆ ತೋರ್ಸೋಕೆ ಹೋಗಿ ತಪ್ಪು ಮಾಡಿದೆ, ನಿಮ್ಮೆದುರು ಅವಳ ಮೇಲೆ ಹಾಕಿದೆ. ಅವಳು ಬಂದು ಕೇಳಿದಾಗ ಸುಳ್ಳು ಹೇಳಿದೆ. ನಾನು ಮಾಡಿದ್ದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾನ ಕಾಪಾಡಿದಳು. ನಾನು ಅವಳದನ್ನ ಕಾಪಾಡ್ಲಿಲ್ಲ."

ಯಾರೋ ಕೆಮ್ಮಿದರು. ಅಧ್ಯಕ್ಷರು, "ಇರ್ಲಿ ಬಿಡಿ, ದುಃಖದಲ್ಲಿ ಮನುಷ್ಯ ಏನೇನೋ ತನ್ನ ಮೇಲೆ ಎಳ್ಕೋತಾನೆ," ಎಂದರು.

"ಬಿಡೋಕಾಗಲ್ಲ. ದೋಷಯುಕ್ತ ಅಂತ ಬರೆದಿದ್ದೀರಲ್ಲ, ಆ ಪುಟ ತೆಗೀರಿ. ದೋಷ ಯಾರದು ಅಂತ ನನ್ನ ಹೆಸರು ಬರೀರಿ. ಅಲ್ಲೀವರೆಗೆ ನಾನು ಕೂರಲ್ಲ."

ಅವರು ಕೂರಲಿಲ್ಲ. ನಿಂತೇ ಇದ್ದರು. ಕೊನೆಗೆ ಕಾರ್ಯದರ್ಶಿ ನಡಾವಳಿ ಪುಸ್ತಕ ತಂದು ಬರೆದರು, ಗಟ್ಟಿಯಾಗಿ ಓದಿದರು. ತಮ್ಮ ಹೆಸರು ಕೇಳಿದಾಗ ಮೇಲ್ವಿಚಾರಕರ ಕಿವಿ ಸುಟ್ಟಿತು. ಸುಡಲಿ ಎಂದುಕೊಂಡರು.

ಜನ ಹೊರಟ ಮೇಲೆ ತಂಗಿಯ ಮಗಳು ಬಂದಳು. ಅವರು ಕೈ ಜೋಡಿಸಹೋದರೆ ತಡೆದಳು.

"ಅಮ್ಮ ಇದ್ದಾಗ ಹೇಳಬೇಕಿತ್ತು ಮಾವ," ಎಂದಳು. "ಹನ್ನೊಂದು ತಿಂಗಳು. ಫೋನ್ ಬಂದಾಗೆಲ್ಲ ನಿಮ್ಮದಾ ಅಂತ ಕೇಳೋಳು." ಅಷ್ಟು ಹೇಳಿ ಹೊರಟಳು. ಬಾಗಿಲ ತನಕ ಹೋಗಿ ನಿಂತು, "ಬಿಸಿಲಿದೆ, ನಿಧಾನವಾಗಿ ಮನೆಗೆ ಹೋಗಿ," ಎಂದಳು.

ಖಾಲಿ ಕುರ್ಚಿಗಳ ನಡುವೆ ಮೇಲ್ವಿಚಾರಕರು ಕಣ್ಣು ಮುಚ್ಚಿ ಕೈ ಮುಗಿದರು. ಬಾಯಿಪಾಠವಾಗಿದ್ದ ಪ್ರಾರ್ಥನೆಗಳು ಯಾವುವೂ ನಾಲಿಗೆಗೆ ಬರಲಿಲ್ಲ.

"ದೇವರೇ, ನನ್ನ ಕ್ಷಮೆಯ ಮಾತು ಇವತ್ತು ಬೇಡ. ಅದಕ್ಕೆ ನಾನಿನ್ನೂ ಯೋಗ್ಯನಲ್ಲ. ನನ್ನ ತಂಗಿ ನಿನ್ನ ಬಳಿ ಬಂದಿದ್ದಾಳೆ. ಬಹಳ ದುಡಿದವಳು, ನೋವನ್ನು ಯಾರಿಗೂ ಹೇಳದವಳು. ಇಲ್ಲಿ ಸಿಗದ ಗೌರವ ಅವಳಿಗೆ ಅಲ್ಲಿ ಸಿಗಲಿ. ಅವಳ ಮನಸ್ಸಿನಲ್ಲಿ ನನ್ನಿಂದಾದ ಗಾಯವನ್ನು ನಿನ್ನ ಕೈಯಿಂದ ಮಾಯಿಸು. ಅವಳ ಆತ್ಮಕ್ಕೆ ಶಾಂತಿ ಕೊಡು, ತಂದೆ."