ಎರಡನೇ ಗೇರ್ ಹಿಡಿಯುವ ಕೈ

ಮೆಕ್ಯಾನಿಕ್ ಹಳೆಯ ಪಿಕಪ್ಪಿನ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಗೇರ್ ಲಿವರನ್ನು ಜಾರದಂತೆ ಹಿಡಿದಿಡುವ ಸವೆದ ಬುಷ್ಷನ್ನು ಮೀಟುತ್ತಿದ್ದ. ಅದು ಒಣಗಿದ ರಸ್ಕಿನ ಹಾಗೆ ಪುಡಿಯಾಗಿ ಎದೆಯ ಮೇಲೆ ಉದುರಿತು. ಒಳಗೆ ಹಜಾರದಲ್ಲಿ ಅವನ ಅಣ್ಣನನ್ನು ಮಲಗಿಸಿದ್ದರು. ಇಷ್ಟು ವರ್ಷ ಓಡಿಸಿದ ಗಾಡಿಯಲ್ಲೇ ಅಣ್ಣ ದಿಬ್ಬದ ಮೇಲಿನ ಸ್ಮಶಾನಕ್ಕೆ ಹೋಗಲಿ ಎಂದು ಎಲ್ಲರೂ ಒಪ್ಪಿದ್ದರು.

ಅಮ್ಮ ಹಿಂದಿನ ಕಾರಿನಲ್ಲಿ ಬರಲಿ ಎಂದಳು ಅಣ್ಣನ ಮಗಳು. ಅತ್ತಿಗೆ ಒಪ್ಪಲಿಲ್ಲ.

"ನಾನು ಮುಂದೆ ಕೂರ್ತೀನಿ. ಎರಡನೇ ಗೇರ್ ಮತ್ತ್ಯಾರು ಹಿಡೀತಾರೆ?"

ಸತ್ತವನ ಗಾಡಿಯಲ್ಲೇ ತಾನು ಮಾಡಿದ ಮಂಚ, ಬೀರುಗಳನ್ನೆಲ್ಲ ಸಾಗಿಸಿದ್ದ ಬಡಗಿ ಕಣ್ಣೊರೆಸಿಕೊಂಡ. "ಗಾಡೀನೂ ನಿಮ್ಮ ಯಜಮಾನರ ಹಾಗೇ ಕಣಮ್ಮ. ನೀವು ಹಿಡೀದಿದ್ರೆ ಜಾರ್ಕೊಳ್ತಿತ್ತು."

*

ಅಣ್ಣ-ಅತ್ತಿಗೆಗೆ ಮದುವೆಯಾದ ಹೊಸತರಲ್ಲಿ, ಕುರ್ಚಿಗಳ ಲೋಡು ಹೊತ್ತು ದಿಬ್ಬ ಹತ್ತುವಾಗ ಮೊದಲ ಸಲ ಎರಡನೇ ಗೇರ್ ಕಳಚಿಕೊಂಡಿತ್ತು. ಎರಡೂ ಕೈ ಸ್ಟೇರಿಂಗ್ ಮೇಲಿದ್ದ ಗಂಡ, "ಸ್ವಲ್ಪ ಒತ್ತಿ ಹಿಡ್ಕೋ" ಎಂದ. ಅಂದಿನಿಂದ ಪ್ರತಿ ಬಾಡಿಗೆಗೂ ಅವಳು ಪಕ್ಕದಲ್ಲಿ. ಗ್ಯಾರೇಜಿಟ್ಟ ಮೇಲೆ ತಮ್ಮ, ಒಂದು ಗಂಟೆ ಗಾಡಿ ಬಿಡು, ಸರಿಮಾಡ್ತೀನಿ ಎಂದು ಗೋಗರೆದ. ನಾಳೆ ನೋಡೋಣ ಎಂಬುದು ಅಣ್ಣನ ಬಾಯಲ್ಲಿ ಪಲ್ಲವಿಯಾಯಿತು. ಯಾಕೆಂದು ಒಮ್ಮೆ ಅವಳೇ ಕೇಳಿದಳು.

ಅವನು ಗಾಜು ಒರೆಸುತ್ತಲೇ ಇದ್ದ. "ಸರಿಹೋದ್ರೆ ನೀನು ಮನೇಲೇ ಕೂತ್ಬಿಡ್ತೀಯಲ್ಲೇ."

*

ಹೊಸ ಬುಷ್ ತಟ್ಟಿ ಕೂರಿಸಿ, ಗ್ರೀಸ್ ಸವರಿ, ಮೆಕ್ಯಾನಿಕ್ ಲಿವರ್ ಎಳೆದು ನೋಡಿದ. ಗೇರ್ ನೆಟ್ಟ ಹಾಗೆ ನಿಂತಿತು. ಅಣ್ಣನಿಗೆ ಕೊನೆಗೂ ಏನೋ ಮಾಡಿದ ಸಮಾಧಾನದಲ್ಲಿ ಹೊರಬಂದ.

"ಇನ್ನು ಯಾರೂ ಹಿಡೀಬೇಕಾಗಿಲ್ಲ ಅತ್ತಿಗೆ. ನೀವು ಆರಾಮಾಗಿ ಕಾರಲ್ಲಿ ಬನ್ನಿ."

ಅತ್ತಿಗೆ ಪಿಕಪ್ಪಿನ ಬಾಗಿಲ ಮೇಲಿಟ್ಟಿದ್ದ ಕೈ ತೆಗೆದು, ಸೆರಗು ಹೊದ್ದು ಕಾರಿನ ಕಡೆ ನಡೆದರು. ಮೆಕ್ಯಾನಿಕ್ ಆ ನಡಿಗೆಯನ್ನೇ ನೋಡುತ್ತ ನಿಂತ. ಮತ್ತೆ ಸ್ಟೇರಿಂಗ್ ಕೆಳಗೆ ಬಗ್ಗಿ, ಸುಮ್ಮನೆ ಸ್ಪ್ಯಾನರ್ ಅಲ್ಲಾಡಿಸಿ ಸದ್ದು ಮಾಡಿದ.

"ಅತ್ತಿಗೆ, ಇದು ಇನ್ನೂ ಜಾರ್ತಾ ಇದೆ. ನೀವು ಮುಂದೆ ಕೂರ್ಲೇಬೇಕು."

ಅಣ್ಣನನ್ನು ಹಿಂದೆ ಮಲಗಿಸಿಕೊಂಡು ಗಾಡಿ ಹೊರಟಿತು. ದಿಬ್ಬದ ಬುಡದಲ್ಲಿ ಅವನು ಎರಡನೇ ಗೇರಿಗೆ ಹಾಕಿದ. ಅತ್ತಿಗೆಯ ಅಂಗೈ ಲಿವರ್ ಮೇಲೆ ಬಂತು. ಲಿವರ್ ಕಲ್ಲಿನಂತೆ ನಿಂತಿತ್ತು, ಒಂದಿಷ್ಟೂ ನಡುಕವಿರಲಿಲ್ಲ. ಅವರು ಮೈದುನನ ಮುಖವನ್ನೊಮ್ಮೆ ನೋಡಿದರು. ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದಿದ್ದ.

"ಬಿಡಬೇಡಿ ಅತ್ತಿಗೆ."

"ಹಿಡಿದಿದ್ದೀನಿ ಕಣಪ್ಪ. ನೀನು ರಸ್ತೆ ನೋಡು."

ಗಾಡಿ ದಿಬ್ಬ ಏರಿತು. ಅವರು ಬೆರಳ ಗೆಣ್ಣು ಬಿಳಿಚುವಷ್ಟು ಒತ್ತಿ ಹಿಡಿದಿದ್ದರು.